ಅದೇ ಬೀದಿಯ ಹಳೆಯ ಛಾಯಾಗ್ರಾಹಕ

ಪ್ಯಾರಿಸ್ ನಗರದ ಮೊಂಪಾರ್ನಾಸ್ ಪ್ರದೇಶದಲ್ಲಿ ಕಂಪಾನ್ ಪ್ರೆಮಿಯೆರ್ ಎಂಬ ಬೀದಿಯೊಂದಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರೂ ಐದಾರು ನಿಮಿಷ ಸಾಕು. 1920ರ ದಶಕದಲ್ಲಿ ಈ ಬೀದಿಯ ಒಂದು ಕಟ್ಟಡದಲ್ಲಿ ಅಮೆರಿಕದಿಂದ ಬಂದು ನೆಲೆಸಿದ್ದ ಮ್ಯಾನ್ ರೇ ಎಂಬ ಕಲಾವಿದನ ಸ್ಟುಡಿಯೊ ಇತ್ತು. ಹೊಸ ಕಲೆ, ಹೊಸ ಸಾಹಿತ್ಯ, ಹೊಸ ವಿಚಾರಗಳ ಅಮಲಿನಲ್ಲಿದ್ದ ತರುಣ ತರುಣಿಯರು ಅಲ್ಲಿಗೆ ಬಂದು ಹೋಗುತ್ತಿದ್ದರು. ಅದೇ ಬೀದಿಯಲ್ಲಿ, ಕೆಲವೇ ಮನೆಗಳ ಆಚೆ, ತೇಪೆ ಹಾಕಿದ ಕೋಟು ತೊಟ್ಟ ಮುದುಕನೊಬ್ಬ ಕಾಲು ಶತಮಾನದಿಂದ ವಾಸವಾಗಿದ್ದ. ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ದೊರೆಯುತ್ತವೆ ಎಂದು ಸೂಚಿಸುವ ಒಂದು ಫಲಕ ಅವನ ಬಾಗಿಲಿನಲ್ಲಿತ್ತು. ಅವನ ಹೆಸರು ಯೂಜೆನ್ ಅಟ್ಜೆ.

ಬೀದಿ ಛಾಯಾಗ್ರಹಣದ ಚರಿತ್ರೆಯನ್ನು ಬರೆಯುವ ಯಾರೂ ಇಂದು ಅಟ್ಜೆಯನ್ನು ಬಿಟ್ಟು ಬರೆಯಲಾರರು. ಆದರೆ ಅವನು ಬದುಕಿದ್ದಾಗ ಅವನನ್ನು ಹೀಗೆ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅವನ ಚಿತ್ರಗಳನ್ನು ಕೊಳ್ಳುತ್ತಿದ್ದವರು ಅನೇಕರಿದ್ದರು. ಚಿತ್ರಗಳ ಹಿಂದಿದ್ದ ಮನುಷ್ಯನನ್ನು ಕಂಡವರು ಬಹಳ ಕಡಿಮೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದ ನನಗೆ ಅವನ ಬದುಕಿನಲ್ಲಿ ಆಸಕ್ತಿ ಹುಟ್ಟಿಸಿದ್ದು ಈ ಅಂತರವೇ. ದಾಖಲೆಯನ್ನು ಉಳಿಸುವುದು ಒಂದು ಕೆಲಸ, ಅದನ್ನು ಮಾಡಿದವನನ್ನು ಗುರುತಿಸುವುದು ಇನ್ನೊಂದು. ಮೊದಲನೆಯದನ್ನು ಕಚೇರಿಗಳು ಹೇಗೋ ನಿಭಾಯಿಸುತ್ತವೆ. ಎರಡನೆಯದು ಅಟ್ಜೆಯ ವಿಷಯದಲ್ಲಿ ಕೇವಲ ಆಕಸ್ಮಿಕದಿಂದ ನಡೆಯಿತು.

ಅಟ್ಜೆ ಹುಟ್ಟಿದ್ದು 1857ರ ಫೆಬ್ರವರಿ 12ರಂದು, ಬೋರ್ಡೊ ನಗರಕ್ಕೆ ಸಮೀಪದ ಲಿಬೂರ್ನ್ ಎಂಬ ಊರಿನಲ್ಲಿ. ತಂದೆ ಕುದುರೆಗಾಡಿಗಳನ್ನು ತಯಾರಿಸುವ ಕಸುಬಿನವನು. ಮಗು ಐದಾರು ವರ್ಷದ್ದಾಗುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ತಾಯಿಯ ತಂದೆ ತಾಯಿ ಅವನನ್ನು ಬೋರ್ಡೊದಲ್ಲಿ ಸಾಕಿದರು. ಓದು ಮುಗಿಸಿದ ಹುಡುಗ ಕೆಲಕಾಲ ಹಡಗಿನಲ್ಲಿ ದುಡಿದ. 1878ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಅವನ ಮನಸ್ಸಿನಲ್ಲಿದ್ದುದು ಛಾಯಾಗ್ರಹಣವಲ್ಲ, ರಂಗಭೂಮಿ. ಅಲ್ಲಿನ ಹೆಸರಾಂತ ನಾಟಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಸೋತು, ಮರುವರ್ಷ ಗೆದ್ದ. ಆದರೆ ಆಗ ಕಡ್ಡಾಯವಾಗಿದ್ದ ಸೈನಿಕ ಸೇವೆಯೂ ಬೆನ್ನಿಗೇ ಬಂತು. ಎರಡು ದೋಣಿಯ ಮೇಲೆ ಕಾಲಿಟ್ಟವನ ಓದು ಅರ್ಧಕ್ಕೆ ನಿಂತಿತು. 1881ರಲ್ಲಿ ಶಾಲೆ ಅವನನ್ನು ಹೊರಗೆ ಕಳುಹಿಸಿತು.

ಆಮೇಲೆ ಊರೂರು ಸುತ್ತುವ ನಾಟಕ ಮಂಡಳಿಗಳಲ್ಲಿ ಸಣ್ಣಪುಟ್ಟ ಪಾತ್ರಗಳು. ಅಂತಹ ತಿರುಗಾಟದಲ್ಲಿಯೇ 1886ರಲ್ಲಿ ವ್ಯಾಲೆಂಟೀನ್ ಎಂಬ ನಟಿಯ ಪರಿಚಯವಾಯಿತು. ಆಕೆ ಅವನಿಗಿಂತ ಹತ್ತು ವರ್ಷ ದೊಡ್ಡವಳು, ಒಬ್ಬ ಮಗನ ತಾಯಿ. ನಲವತ್ತು ವರ್ಷಗಳ ಕಾಲ, ಆಕೆಯ ಸಾವಿನವರೆಗೂ, ಇಬ್ಬರೂ ಜೊತೆಗೇ ಬಾಳಿದರು. ಪರಿಚಯವಾದ ಮರುವರ್ಷವೇ ಅಟ್ಜೆಗೆ ಗಂಟಲಿನ ಕಾಯಿಲೆ ತಗಲಿತು. ನಟನ ಬಂಡವಾಳವಾದ ಧ್ವನಿಯೇ ಕೈಕೊಟ್ಟಿತು. ಮೂವತ್ತರ ವಯಸ್ಸಿನಲ್ಲಿ, ಕೈಯಲ್ಲಿ ಬೇರೆ ಕಸುಬಿಲ್ಲದೆ, ಅವನು ಕೆಲಕಾಲ ವರ್ಣಚಿತ್ರ ಬರೆಯಲು ಪ್ರಯತ್ನಿಸಿ, ಕೊನೆಗೆ ಕ್ಯಾಮೆರಾ ಹಿಡಿದ. ನಟನಾಗಿ ಸೋತು, ಚಿತ್ರಕಾರನಾಗಿ ನಿಲ್ಲಲಾರದೆ, ಹೊಟ್ಟೆಪಾಡಿಗೆಂದು ಆಯ್ದುಕೊಂಡ ಮೂರನೆಯ ದಾರಿ ಇದು.

1890ರ ಸುಮಾರಿಗೆ ಪ್ಯಾರಿಸ್ಸಿಗೆ ಮರಳಿದ ಅಟ್ಜೆ ತನ್ನ ವ್ಯಾಪಾರದ ಲೆಕ್ಕಾಚಾರವನ್ನು ಸ್ಪಷ್ಟವಾಗಿಯೇ ಹಾಕಿಕೊಂಡಿದ್ದ. ಚಿತ್ರಕಾರರಿಗೆ ಮರದ ಕೊಂಬೆಯ ತಿರುವು, ಹೂವಿನ ಗೊಂಚಲು, ಗಾಡಿಯ ಗಾಲಿ, ಬಾಗಿಲ ಕೆತ್ತನೆ ಇವೆಲ್ಲ ಮಾದರಿಗಳಾಗಿ ಬೇಕು. ನಾಟಕದ ಪರದೆ ಬರೆಯುವವರಿಗೆ ಹಳೆಯ ಅಂಗಳ, ಮೆಟ್ಟಿಲು ಬೇಕು. ಕಮ್ಮಾರರಿಗೆ, ಮರಗೆಲಸದವರಿಗೆ, ಗೃಹಾಲಂಕಾರ ಮಾಡುವವರಿಗೆ ಹಳೆಯ ವಿನ್ಯಾಸಗಳು ಬೇಕು. ಇವುಗಳ ಛಾಯಾಚಿತ್ರಗಳನ್ನು ತೆಗೆದು, ಚಿಲ್ಲರೆ ಬೆಲೆಗೆ ಮನೆ ಬಾಗಿಲಿಗೇ ಒಯ್ದು ಮಾರುವುದು ಅವನ ಉದ್ಯೋಗವಾಯಿತು. ಗಿರಾಕಿಗಳ ಹೆಸರು, ವಿಳಾಸ, ಕಸುಬುಗಳನ್ನು ಬರೆದಿಡಲು ಒಂದು ವಹಿ ಇಟ್ಟಿದ್ದ. ಸಣ್ಣ ಬಂಡವಾಳದ, ಒಬ್ಬನೇ ಮಾಲೀಕ ಮತ್ತು ಒಬ್ಬನೇ ಕಾರ್ಮಿಕನಿದ್ದ ಉದ್ದಿಮೆ ಎಂದು ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಕರೆಯಬಹುದು.

ಅವನ ಕೆಲಸದ ದೊಡ್ಡ ತಿರುವು 1897-98ರ ಹೊತ್ತಿಗೆ ಬಂತು. ಅದರ ಹಿನ್ನೆಲೆಯನ್ನು ಓದುಗರು ನೆನಪಿಸಿಕೊಳ್ಳಬೇಕು. 1853ರಿಂದ 1870ರವರೆಗೆ ಓಸ್ಮಾನ್ ಎಂಬ ಆಡಳಿತಾಧಿಕಾರಿ ಪ್ಯಾರಿಸ್ಸನ್ನು ಅಡಿಯಿಂದ ಮುಡಿಯವರೆಗೆ ಬದಲಿಸಿದ್ದ. ಮಧ್ಯಯುಗದ ಇಕ್ಕಟ್ಟಾದ ಓಣಿಗಳನ್ನು ಕೆಡವಿ, ನೇರವಾದ ವಿಶಾಲ ರಸ್ತೆಗಳನ್ನು ಹಾಯಿಸಲಾಗಿತ್ತು. ಚರಂಡಿ, ನೀರು, ಗಾಳಿ, ಬೆಳಕು ಇವೆಲ್ಲ ಬಂದವು. ಅದರ ಜೊತೆಗೆ ಸಾವಿರಾರು ಬಡ ಕುಟುಂಬಗಳು ಊರಿನ ಅಂಚಿಗೆ ತಳ್ಳಲ್ಪಟ್ಟವು. ಅವನ ಅಧಿಕಾರ ಮುಗಿದ ಮೇಲೂ ಕೆಡವುವ ಕೆಲಸ ನಿಲ್ಲಲಿಲ್ಲ. ಶತಮಾನದ ಕೊನೆಗೆ ಸುರಂಗ ರೈಲಿನ ಅಗೆತವೂ ಸೇರಿಕೊಂಡಿತು. ಆಗ ಉಳಿದಿರುವ ಹಳೆಯ ಪ್ಯಾರಿಸ್ಸನ್ನಾದರೂ ದಾಖಲಿಸಿಡಬೇಕೆಂಬ ಕಳಕಳಿ ನಾಗರಿಕರಲ್ಲಿ ಮೂಡಿತು. 1897ರಲ್ಲಿ ನಗರಾಡಳಿತವೇ ಇದಕ್ಕಾಗಿ ಒಂದು ಆಯೋಗವನ್ನು ರಚಿಸಿತು. ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು ಹಳೆಯ ಕಟ್ಟಡಗಳ ಚಿತ್ರಗಳನ್ನು ಕೊಳ್ಳತೊಡಗಿದವು. ಅಟ್ಜೆ ಈ ಬೇಡಿಕೆಯನ್ನು ಗುರುತಿಸಿದ. ಗುರುತಿಸಿದ್ದು ವ್ಯಾಪಾರಿಯ ಕಣ್ಣಿನಿಂದ. ಆದರೆ ನಂತರದ ಮೂವತ್ತು ವರ್ಷ ಅವನು ದುಡಿದ ರೀತಿಯನ್ನು ವ್ಯಾಪಾರವೊಂದೇ ವಿವರಿಸಲಾರದು.

ಅವನ ಸಲಕರಣೆ ಆ ಕಾಲಕ್ಕೂ ಹಳೆಯದೇ. ಮರದ ದೊಡ್ಡ ಕ್ಯಾಮೆರಾ, ತಿದಿಯಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಅದರ ಮೈ, ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಮುಸುಕಿಕೊಳ್ಳುವ ಕಪ್ಪು ಬಟ್ಟೆ, 18 ಸೆಂಟಿಮೀಟರ್ ಅಗಲ ಮತ್ತು 24 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು. ಈ ಭಾರವನ್ನೆಲ್ಲ ಹೊತ್ತು ಆತ ನಸುಕಿನಲ್ಲಿಯೇ ಹೊರಡುತ್ತಿದ್ದ. ಜನಸಂದಣಿ ಶುರುವಾಗುವ ಮೊದಲು ಬೀದಿ ಖಾಲಿ ಸಿಗಬೇಕಿತ್ತು. ಫಲಕದ ಮೇಲೆ ಬೆಳಕು ಬೀಳಲು ಬೇಕಾದಷ್ಟು ಹೊತ್ತು ಯಾರೂ ಅಡ್ಡ ಬರಬಾರದಿತ್ತು. ಆದರೂ ಯಾರಾದರೂ ನಡೆದು ಹೋದರೆ ಚಿತ್ರದಲ್ಲಿ ಹೊಗೆಯಂತಹ ಒಂದು ಆಕೃತಿ ಮಾತ್ರ ಉಳಿಯುತ್ತಿತ್ತು. ಮನೆಗೆ ಬಂದು ಗಾಜಿನ ಫಲಕವನ್ನು ಕಾಗದಕ್ಕೆ ಒತ್ತಿ, ಬಿಸಿಲಿನಲ್ಲಿಟ್ಟು, ಚಿತ್ರ ಮೂಡುವವರೆಗೆ ಕಾಯುತ್ತಿದ್ದ. ಪ್ರತಿ ಫಲಕಕ್ಕೂ ಒಂದು ಸಂಖ್ಯೆ ಇರುತ್ತಿತ್ತು. ಜೀವಮಾನದಲ್ಲಿ ಸುಮಾರು 8,500 ಚಿತ್ರಗಳನ್ನು ಹೀಗೆ ತೆಗೆದ.

ಮೊದಲ ವರ್ಷಗಳಲ್ಲಿ ಅವನ ಗಮನ ಬೀದಿಯ ಜನರ ಮೇಲಿತ್ತು. ಸಾಣೆ ಹಿಡಿಯುವವನು, ಬುಟ್ಟಿ ಮಾರುವವನು, ದೀಪದ ಮುಸುಕುಗಳನ್ನು ಮೈತುಂಬ ತೂಗುಹಾಕಿಕೊಂಡ ವ್ಯಾಪಾರಿ, ಸಂಗೀತದ ಪೆಟ್ಟಿಗೆಯ ಹಿಡಿ ತಿರುಗಿಸುವ ಗಡ್ಡದ ಮುದುಕ ಮತ್ತು ಅವನ ಪಕ್ಕದಲ್ಲಿ ಮುಖವರಳಿಸಿ ನಿಂತ ಹಾಡುಗಾರ್ತಿ. ದೊಡ್ಡ ಅಂಗಡಿಗಳು ಬಂದಂತೆ ಕಣ್ಮರೆಯಾಗುತ್ತಿದ್ದ ಕಸುಬುಗಳು ಇವು. ಆಮೇಲೆ ಅವನ ಕ್ಯಾಮೆರಾ ಅಂಗಳಗಳು, ಮೆಟ್ಟಿಲುಗಳು, ಬಾಗಿಲ ಹಿಡಿಕೆಗಳು, ಅಂಗಡಿಗಳ ಬೋರ್ಡುಗಳತ್ತ ಹೊರಳಿತು. ಚರ್ಮ ಹದ ಮಾಡುವವರ ಕೆಲಸದಿಂದ ಮಲಿನವಾಗಿ ಹರಿಯುತ್ತಿದ್ದ ಬಿಯೆವ್ರ್ ಎಂಬ ಸಣ್ಣ ನದಿಯನ್ನು, ನಗರದೊಳಗೆ ಅದು 1912ರಲ್ಲಿ ಪೂರ್ತಿಯಾಗಿ ಮುಚ್ಚಿಹೋಗುವ ಮೊದಲು, ಹಿಡಿದಿಟ್ಟ. ನಗರದ ಕೋಟೆಯ ಆಚೆ ಗುಡಿಸಲುಗಳಲ್ಲಿದ್ದ ಚಿಂದಿ ಆಯುವವರ ಬದುಕನ್ನೇ ಒಂದು ಸಂಪುಟವಾಗಿಸಿದ. ಅವನ ಪ್ಯಾರಿಸ್ಸಿನಲ್ಲಿ ಪ್ರವಾಸಿಗರ ಪ್ಯಾರಿಸ್ ಹೆಚ್ಚಾಗಿ ಕಾಣುವುದಿಲ್ಲ. ಐಫೆಲ್ ಗೋಪುರ ಅವನ ವಿಷಯವಾಗಲೇ ಇಲ್ಲ.

ಈ ಚಿತ್ರಗಳನ್ನು ಕೊಂಡವರು ಯಾರು? ರಾಷ್ಟ್ರೀಯ ಗ್ರಂಥಾಲಯ, ನಗರ ಚರಿತ್ರೆಯ ಕಾರ್ನವಲೆ ವಸ್ತುಸಂಗ್ರಹಾಲಯ, ಪ್ಯಾರಿಸ್ ನಗರದ ಚಾರಿತ್ರಿಕ ಗ್ರಂಥಾಲಯ. ಈ ಕೊನೆಯ ಸಂಸ್ಥೆ 1906ರಿಂದ ಕೆಲವು ವರ್ಷ, ನಗರದ ಹಳೆಯ ಕೇಂದ್ರಭಾಗವನ್ನು ಬೀದಿಬೀದಿಯಾಗಿ ಚಿತ್ರಿಸುವ ಕೆಲಸವನ್ನೇ ಅವನಿಗೆ ವಹಿಸಿತ್ತು. ನಮ್ಮ ಕಾಲದಲ್ಲಿ ಸರ್ಕಾರಿ ಕಚೇರಿಯನ್ನು ಹಳಿಯುವುದು ಎಲ್ಲರಿಗೂ ಸುಲಭವಾಗಿರುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಯಾರೋ ಹೆಸರಿಲ್ಲದ ಗುಮಾಸ್ತರು, ಗ್ರಂಥಪಾಲಕರು ವರ್ಷದಿಂದ ವರ್ಷಕ್ಕೆ ಬರೆದ ಸಣ್ಣ ಸಣ್ಣ ಖರೀದಿ ಆದೇಶಗಳೇ ಅಟ್ಜೆಯ ಒಲೆ ಉರಿಯುವಂತೆ ನೋಡಿಕೊಂಡವು. ಅವನ ಚಿತ್ರಗಳು ಉಳಿದದ್ದರಲ್ಲಿ ಆ ಆದೇಶಗಳ ಪಾಲು ದೊಡ್ಡದು.

ಆದರೆ ಆ ಗ್ರಂಥಾಲಯಗಳು ಕೊಂಡದ್ದು ಬೀದಿಯ ಚಿತ್ರವನ್ನು, ಅಟ್ಜೆಯ ಚಿತ್ರವನ್ನಲ್ಲ. ಕಪಾಟುಗಳಲ್ಲಿ ಅವು ಬೀದಿ, ಕಟ್ಟಡ, ವಿಷಯಗಳ ಪ್ರಕಾರ ಹಂಚಿಹೋದವು. ಹುಡುಕುವವನಿಗೆ ಇಂತಹ ಓಣಿಯ ಇಂತಹ ಬಾಗಿಲು ಸಿಗುತ್ತಿತ್ತು. ಅವನ್ನೆಲ್ಲ ಒಬ್ಬನೇ ಮನುಷ್ಯ ಒಂದೇ ನೋಟದಿಂದ ನೋಡಿದ್ದಾನೆಂಬುದು ಯಾರಿಗೂ ಹೊಳೆಯುವಂತಿರಲಿಲ್ಲ. ಅಟ್ಜೆಯೂ ಈ ವ್ಯವಸ್ಥೆಯೊಡನೆ ತನ್ನದೇ ರೀತಿಯಲ್ಲಿ ಆಟವಾಡಿದ್ದುಂಟು. 1910ರಲ್ಲಿ ಪ್ಯಾರಿಸ್ಸಿನ ಮನೆಗಳ ಒಳಾಂಗಣಗಳ ಒಂದು ಸಂಪುಟವನ್ನು ಅವನು ರಾಷ್ಟ್ರೀಯ ಗ್ರಂಥಾಲಯಕ್ಕೆ ಮಾರಿದ. ಅದರಲ್ಲಿ ಯಾರೋ ಒಬ್ಬ ನಾಟಕ ಕಲಾವಿದನ ಮನೆಯೆಂದು ತೋರಿಸಿರುವ ಕೋಣೆಗಳು ಅವನದೇ ಮನೆಯ ಕೋಣೆಗಳೆಂದು ಸಂಶೋಧಕರು ಎಷ್ಟೋ ವರ್ಷಗಳ ನಂತರ ಕಂಡುಹಿಡಿದರು. ಹೆಸರಿಲ್ಲದವನು ಬೇರೆ ಹೆಸರಿನಲ್ಲಿ ತನ್ನ ಮನೆಯನ್ನೇ ರಾಷ್ಟ್ರದ ದಾಖಲೆಗೆ ಸೇರಿಸಿದ್ದ.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ವ್ಯಾಲೆಂಟೀನಳ ಮಗ ಅದೇ ವರ್ಷ ರಣರಂಗದಲ್ಲಿ ಮಡಿದ. ಅಟ್ಜೆ ಗಾಜಿನ ಫಲಕಗಳನ್ನು ನೆಲಮಾಳಿಗೆಗೆ ಸಾಗಿಸಿ ಕಾಪಾಡಿದ. ಚಿತ್ರ ತೆಗೆಯುವುದು ಬಹುಮಟ್ಟಿಗೆ ನಿಂತುಹೋಯಿತು. ಯುದ್ಧ ಮುಗಿದಾಗ ಅವನಿಗೆ ಅರವತ್ತು ದಾಟಿತ್ತು. 1920ರಲ್ಲಿ ಅವನು ಲಲಿತಕಲೆಗಳ ಇಲಾಖೆಯ ಮುಖ್ಯಸ್ಥ ಪಾಲ್ ಲಿಯೋನ್‌ಗೆ ಒಂದು ಪತ್ರ ಬರೆದ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ತಾನೊಬ್ಬನೇ ದುಡಿದು ಕೂಡಿಸಿದ ಸಂಗ್ರಹವಿದು, ಹಳೆಯ ಪ್ಯಾರಿಸ್ ಇಡಿಯಾಗಿ ತನ್ನ ಬಳಿ ಇದೆ, ತನಗೆ ವಯಸ್ಸಾಗುತ್ತಿದೆ, ವಾರಸುದಾರರಿಲ್ಲ, ಇದರ ಮಹತ್ವ ಅರಿಯದವರ ಕೈಗೆ ಇದು ಸಿಕ್ಕಿ ಹಾಳಾದೀತೆಂಬ ಚಿಂತೆ ಕಾಡುತ್ತಿದೆ ಎಂಬುದು ಅದರ ಸಾರಾಂಶ. ಈ ಪತ್ರವನ್ನು ಓದಿದವರು ಅವನನ್ನು ಮುಗ್ಧನೆಂದು ಕರೆಯಲಾರರು. ತಾನು ಮಾಡಿದ್ದು ಏನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸರ್ಕಾರ 2,621 ಫಲಕಗಳನ್ನು 10,000 ಫ್ರಾಂಕುಗಳಿಗೆ ಕೊಂಡಿತು. ಭಾಗಿಸಿ ನೋಡಿದರೆ ಒಂದು ಫಲಕಕ್ಕೆ ನಾಲ್ಕು ಫ್ರಾಂಕಿಗಿಂತಲೂ ಕಡಿಮೆ. ಬೆಲೆಯ ಬಗ್ಗೆ ನಾವು ಇಂದು ಮರುಗಬಹುದು; ಆದರೆ ಅಟ್ಜೆಗೆ ಆ ಹಣ ಕೊಟ್ಟದ್ದು ಬಿಡುವನ್ನು. ಗಿರಾಕಿಗಳ ಅಗತ್ಯಕ್ಕೆ ಕಟ್ಟುಬೀಳದೆ ತನಗೆ ಬೇಕಾದುದನ್ನು ತೆಗೆಯುವ ಸ್ವಾತಂತ್ರ್ಯ ಅವನಿಗೆ ಮೊದಲ ಬಾರಿಗೆ ದೊರೆಯಿತು. ಅವನ ಅತ್ಯುತ್ತಮ ಚಿತ್ರಗಳಲ್ಲಿ ಹಲವು ಈ ಕೊನೆಯ ಏಳು ವರ್ಷಗಳವು. ವರ್ಸೈ ಮತ್ತು ಸೇನ್ ಕ್ಲೂ ಉದ್ಯಾನಗಳ ಕೊಳಗಳು, 1925ರ ವಸಂತದಲ್ಲಿ ಬೆಳಗಿನ ಜಾವ ತೆಗೆದ, ಪಾಳುಬಿದ್ದಿದ್ದ ಸೋ ಉದ್ಯಾನದ ದೃಶ್ಯಗಳು, ಅಂಗಡಿಯ ಗಾಜಿನೊಳಗೆ ನಗುತ್ತ ನಿಂತ ಬೊಂಬೆಗಳು ಮತ್ತು ಅದೇ ಗಾಜಿನ ಮೇಲೆ ಪ್ರತಿಬಿಂಬಿಸಿದ ಎದುರಿನ ಮರ, ಕಟ್ಟಡಗಳು. ಮುದುಕ ಈಗ ಬೀದಿಯ ಜೊತೆಗೆ ಬೆಳಕನ್ನೂ ದಾಖಲಿಸುತ್ತಿದ್ದ.

ಇದೇ ಕಾಲದಲ್ಲಿ ಬೀದಿಯ ಆಚೆಯ ಮ್ಯಾನ್ ರೇ ಅವನಿಂದ 40ಕ್ಕೂ ಹೆಚ್ಚು ಚಿತ್ರಗಳನ್ನು ಕೊಂಡಿದ್ದ. 1926ರ ಜೂನ್‌ನಲ್ಲಿ ಅತಿವಾಸ್ತವವಾದಿಗಳ ಪತ್ರಿಕೆಯೊಂದರ ಮುಖಪುಟದಲ್ಲಿ ಅಟ್ಜೆಯ ಒಂದು ಚಿತ್ರ ಬಂತು. 1912ರ ಸೂರ್ಯಗ್ರಹಣವನ್ನು ನೋಡಲು ಬಾಸ್ಟೀಲ್ ಚೌಕದಲ್ಲಿ ಗುಂಪುಗೂಡಿ, ಕಣ್ಣಿಗೆ ಗಾಜು ಹಿಡಿದು, ಎಲ್ಲರೂ ಒಂದೇ ಕಡೆ ಮೇಲೆ ನೋಡುತ್ತಿರುವ ಜನರ ಚಿತ್ರ ಅದು. ತನ್ನ ಹೆಸರು ಹಾಕುವುದು ಬೇಡ, ಇವು ಬರಿಯ ದಾಖಲೆಗಳು ಎಂದು ಅಟ್ಜೆ ಹೇಳಿದನಂತೆ. ಇದನ್ನು ವಿನಯವೆಂದು ಹಲವರು ಬಗೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬರ ಚಳವಳಿಯ ಲೆಕ್ಕಕ್ಕೆ ಬರೆಸಲು ಒಪ್ಪದ ಸ್ವಾಭಿಮಾನಿಯ ಮಾತಿನಂತೆ ಅದು ಕೇಳಿಸುತ್ತದೆ.

ಮ್ಯಾನ್ ರೇಯ ಕತ್ತಲೆಕೋಣೆಯಲ್ಲಿ ಸಹಾಯಕಿಯಾಗಿದ್ದವಳು ಬೆರನೀಸ್ ಅಬಟ್. ಅಮೆರಿಕದ ಒಹಾಯೊದಲ್ಲಿ 1898ರಲ್ಲಿ ಹುಟ್ಟಿ, ಶಿಲ್ಪಕಲೆ ಕಲಿಯಲೆಂದು ಪ್ಯಾರಿಸ್ಸಿಗೆ ಬಂದು, ಜೀವನೋಪಾಯಕ್ಕಾಗಿ ಈ ಕೆಲಸ ಹಿಡಿದಿದ್ದಳು. 1925ರಲ್ಲಿ ಒಂದು ದಿನ ಆ ಸ್ಟುಡಿಯೊದಲ್ಲಿ ಅಟ್ಜೆಯ ಚಿತ್ರಗಳು ಅವಳ ಕಣ್ಣಿಗೆ ಬಿದ್ದವು. ಅಲ್ಲಿಗೆ ಬರುತ್ತಿದ್ದ ಉಳಿದವರಿಗೆ ಅವು ವಿಚಿತ್ರವಾದ, ಕನಸಿನಂತಹ ಹಳೆಯ ಚಿತ್ರಗಳು. ಅವಳಿಗೆ ಅವುಗಳ ಹಿಂದೆ ಒಬ್ಬ ಮನುಷ್ಯ ಕಂಡ. ಯಾರು, ಎಲ್ಲಿದ್ದಾನೆ ಎಂದು ವಿಚಾರಿಸಿದರೆ, ಅದೇ ಬೀದಿಯಲ್ಲಿದ್ದಾನೆ ಎಂಬ ಉತ್ತರ. ಹೋಗಿ ಬಾಗಿಲು ತಟ್ಟಿದಳು. ಮತ್ತೆ ಮತ್ತೆ ಹೋದಳು. ತನ್ನ ಕೈಲಾದಷ್ಟು ಚಿತ್ರಗಳನ್ನು ಕೊಂಡಳು, ಪರಿಚಯದವರಿಗೂ ಕೊಳ್ಳಲು ಹೇಳಿದಳು.

ವ್ಯಾಲೆಂಟೀನ್ 1926ರ ಜೂನ್‌ನಲ್ಲಿ ತೀರಿಕೊಂಡಳು. ಮೊದಲೇ ಹಾಲು, ಬ್ರೆಡ್ಡು, ಸಕ್ಕರೆಗಳಲ್ಲಿ ದಿನ ಕಳೆಯುವ ವ್ರತ ಹಿಡಿದಿದ್ದ ಮುದುಕ ಆ ಬಳಿಕ ಇನ್ನಷ್ಟು ಕುಗ್ಗಿದ. ಅಷ್ಟರಲ್ಲಿ ಅಬಟ್ ತನ್ನದೇ ಸ್ಟುಡಿಯೊ ತೆರೆದಿದ್ದಳು. 1927ರಲ್ಲಿ ಅವನನ್ನು ಅಲ್ಲಿಗೆ ಆಹ್ವಾನಿಸಿ ಅವನ ಭಾವಚಿತ್ರ ತೆಗೆದಳು. ಎಂದಿನ ತೇಪೆಯ ಉಡುಪಿನಲ್ಲಿಯೇ ಅವನನ್ನು ಸೆರೆಹಿಡಿಯಬೇಕೆಂದಿದ್ದ ಅವಳಿಗೆ ಅಚ್ಚರಿ ಕಾದಿತ್ತು. ಅಟ್ಜೆ ಒಳ್ಳೆಯ ಕೋಟು ಧರಿಸಿ ಬಂದಿದ್ದ. ಜೀವನವಿಡೀ ಊರಿನ ಚಿತ್ರ ತೆಗೆದವನು ತನ್ನ ಚಿತ್ರಕ್ಕೆಂದು ಸಿದ್ಧನಾಗಿ ಬಂದಿದ್ದ. ಪ್ರತಿಗಳು ತಯಾರಾದ ಮೇಲೆ ಅವನಿಗೆ ತೋರಿಸಲು ಅವಳು ಆ ಬೀದಿಗೆ ಹೋದಾಗ ಬಾಗಿಲಿನ ಫಲಕ ಇರಲಿಲ್ಲ. ಅಟ್ಜೆ 1927ರ ಆಗಸ್ಟ್ 4ರಂದು ಕಣ್ಣು ಮುಚ್ಚಿದ್ದ.

ಮುಂದಿನದು ಅಬಟ್‌ಳ ಛಲದ ಕಥೆ. ಫಲಕಗಳಿಗೆ ಏನಾಯಿತೆಂದು ಹುಡುಕಿಕೊಂಡು ಹೋಗಿ, ಅಟ್ಜೆಯ ಹಳೆಯ ಗೆಳೆಯನೂ ಅವನ ಆಸ್ತಿಯ ಹೊಣೆ ಹೊತ್ತವನೂ ಆಗಿದ್ದ ನಟ ಆಂದ್ರೆ ಕಾಲ್ಮೆಟ್‌ನನ್ನು ಪತ್ತೆ ಮಾಡಿದಳು. ಸರ್ಕಾರ ಕೊಂಡು ಉಳಿದಿದ್ದ ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳು ಮತ್ತು ಸಾವಿರಾರು ಪ್ರತಿಗಳನ್ನು 1928ರಲ್ಲಿ ಕೊಂಡಳು. ಮರುವರ್ಷ ನ್ಯೂಯಾರ್ಕಿಗೆ ಮರಳಿದಳು. 1930ರಲ್ಲಿ ಅಟ್ಜೆಯ ಚಿತ್ರಗಳ ಪುಸ್ತಕ ಹೊರಬಂತು. ವಾಕರ್ ಇವಾನ್ಸ್‌ನಂತಹ ಅಮೆರಿಕದ ಛಾಯಾಗ್ರಾಹಕರು ಅದರಿಂದ ಕಲಿತರು. ಅಬಟ್ ಕೂಡ ಅಟ್ಜೆಯ ಹಾದಿಯಲ್ಲಿ ನಡೆದು, ಬದಲಾಗುತ್ತಿದ್ದ ನ್ಯೂಯಾರ್ಕ್ ನಗರವನ್ನು 1930ರ ದಶಕದಲ್ಲಿ ಚಿತ್ರಿಸಿ ತಾನೇ ಪ್ರಸಿದ್ಧಳಾದಳು. ಅಟ್ಜೆಯ ಸಂಗ್ರಹವನ್ನು ನಲವತ್ತು ವರ್ಷ ಜತನದಿಂದ ಕಾಯ್ದು, 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಿದಳು. ಆ ಸಂಸ್ಥೆ 1981ರಿಂದ 1985ರವರೆಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿದ ಮೇಲೆ ಅಟ್ಜೆಯ ಸ್ಥಾನ ಪ್ರಶ್ನಾತೀತವಾಯಿತು.

ಇಷ್ಟನ್ನು ಬರೆದ ಮೇಲೆ ನನ್ನದೊಂದು ತಪ್ಪನ್ನು ಹೇಳದಿದ್ದರೆ ನ್ಯಾಯವಾಗದು. ಸೇವೆಯ ಮೊದಲ ವರ್ಷಗಳಲ್ಲಿ ನಾನಿದ್ದ ಒಂದು ಕಚೇರಿಯಲ್ಲಿ ಹಳೆಯ ಕಡತಗಳ ವಿಲೇವಾರಿ ನಡೆದಿತ್ತು. ಅಭಿಲೇಖಾಲಯದ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಗಾಜಿನ ನೆಗೆಟಿವ್‌ಗಳು. ಯಾರು ತೆಗೆದದ್ದು, ಯಾವ ಊರಿನದು, ಯಾವ ಕಾಲದ್ದು ಎಂಬ ಒಂದಕ್ಷರವೂ ಪೆಟ್ಟಿಗೆಯ ಮೇಲಿರಲಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಸಂತೆಯೊಂದರ ನೋಟ, ಛತ್ರಿ ಹಿಡಿದು ನಿಂತ ಒಬ್ಬ ವ್ಯಕ್ತಿ ಕಂಡಂತಾಯಿತು. ಇದನ್ನು ಯಾವ ಶೀರ್ಷಿಕೆಯಲ್ಲಿ ತೋರಿಸಬೇಕೆಂದು ಗುಮಾಸ್ತರು ಕೇಳಿದರು. ವಹಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿಸಲು ಹೇಳಿ ಸಹಿ ಹಾಕಿದೆ. ನಿಯಮದ ಪ್ರಕಾರ ಅದು ಸರಿಯಾದ ಸಹಿ. ನಿವೃತ್ತಿಯ ನಂತರ ಅಟ್ಜೆಯ ಚಿತ್ರಸಂಪುಟವೊಂದನ್ನು ತಿರುವಿಹಾಕುತ್ತಿದ್ದಾಗ ಆ ಛತ್ರಿಯವನು ಮತ್ತೆ ಎದುರು ಬಂದು ನಿಂತ.

ಅಟ್ಜೆಯ ಬದುಕನ್ನು ಆಕಸ್ಮಿಕದ ಅದ್ಭುತ ಕಥೆಯಾಗಿ ಹೇಳುವುದು ವಾಡಿಕೆ. ಒಬ್ಬ ತರುಣಿ ಅದೇ ಬೀದಿಯಲ್ಲಿ ಕೆಲಸ ಮಾಡುತ್ತಿದ್ದಳು, ನೋಡಿದಳು, ಉಳಿಸಿದಳು. ಅದು ನಿಜ. ಆದರೆ ಆಡಳಿತದಲ್ಲಿದ್ದವರು ಈ ಕಥೆಯನ್ನು ಬೇರೆಯಾಗಿ ಓದಬೇಕೆಂದು ನನಗನ್ನಿಸುತ್ತದೆ. ಮೂರು ಸಾರ್ವಜನಿಕ ಸಂಸ್ಥೆಗಳು ಮೂವತ್ತು ವರ್ಷ ಅವನೊಡನೆ ವ್ಯವಹರಿಸಿದ್ದವು. ಅವನ ವಿಳಾಸ, ಅವನ ಸಹಿ, ಅವನಿಗೆ ಸಂದಾಯವಾದ ಹಣದ ಲೆಕ್ಕ ಎಲ್ಲವೂ ಅವುಗಳ ಬಳಿ ಇದ್ದವು. ಬೀದಿ ದಾಟಿ ಹೋಗಿ ಬಾಗಿಲು ತಟ್ಟುವುದಷ್ಟೇ ಬಾಕಿ ಇತ್ತು. ಅದಕ್ಕೆ ಹೆಚ್ಚಿನ ಅನುದಾನವೇನೂ ಬೇಕಿರಲಿಲ್ಲ. ಹಳೆಯ ಚಿತ್ರ, ಪತ್ರ, ನಕ್ಷೆಗಳ ಪೆಟ್ಟಿಗೆ ಇಂದಿಗೂ ಎಷ್ಟೋ ಕಚೇರಿಗಳ, ಎಷ್ಟೋ ಮನೆಗಳ ಅಟ್ಟದ ಮೇಲಿದೆ. ಅದನ್ನು ತೆಗೆದವರ ಹೆಸರು ಬಲ್ಲ ಹಿರಿಯರೊಬ್ಬರು ಅದೇ ಬೀದಿಯಲ್ಲಿ ಇನ್ನೂ ಇರಬಹುದು. ಅವರಿರುವಾಗಲೇ ಹೋಗಿ ಕೇಳಿ, ಪೆಟ್ಟಿಗೆಯ ಮೇಲೆ ಆ ಹೆಸರನ್ನು ಬರೆದಿಡುವುದು ಅರ್ಧ ದಿನದ ಕೆಲಸ.